ಮೀನಿನ ತೊಟ್ಟಿಗೆ ಸಿಲಿಕೋನ್: ವಾಸನೆಯನ್ನಷ್ಟೇ ನಂಬಬೇಡಿ

ಗಾಜು ತಂದು ಮನೆಯಲ್ಲೇ ಅಕ್ವೇರಿಯಂ ಕಟ್ಟಲು ಹೊರಟ ಮುಂಬಯಿ ಕಡೆಯ ಡೊಂಬಿವಲಿ, ಮಾಟುಂಗದ ನಮ್ಮ ಗೆಳೆಯರಿಗೆ ಯಾರಾದರೂ ಹೇಳಿಯೇ ಇರುತ್ತಾರೆ: ‘ಗಾಜು ಅಂಟಿಸಲು ವಿನಿಗರ್ ವಾಸನೆ ಬರುವ ಸಿಲಿಕೋನ್ ತೆಗೆದುಕೊಳ್ಳಿ, ಮೀನಿಗೆ ಏನೂ ಆಗುವುದಿಲ್ಲ.’ ಈ ಮಾತು ಅರ್ಧ ನಿಜ. ಉಳಿದ ಅರ್ಧ ಮೀನಿನ ಜೀವಕ್ಕೆ ಕುತ್ತು ತರಬಲ್ಲದು. ಹಾಗಾಗಿ ಆ ವಾಸನೆ ಎಲ್ಲಿಂದ ಬರುತ್ತದೆ ಎಂಬಲ್ಲಿಂದಲೇ ಶುರು ಮಾಡೋಣ.

ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಪೋಣಿಸಿಕೊಂಡ ಉದ್ದನೆಯ ಸರಪಳಿಯೇ ಸಿಲಿಕೋನ್. ಟ್ಯೂಬಿನೊಳಗೆ ಸರಪಳಿಗಳು ಬಿಡಿಬಿಡಿಯಾಗಿರುವುದರಿಂದ ಅದು ಪೇಸ್ಟಿನಂತಿರುತ್ತದೆ. ಹೊರಬಂದೊಡನೆ ಗಾಳಿಯ ತೇವ ತಗುಲಿ, ಅದರಲ್ಲಿರುವ ಅಸಿಟಾಕ್ಸಿ ಎಂಬ ಪರಮಾಣು ಗುಂಪುಗಳು ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವಾಗಿ ಕಳಚಿಕೊಳ್ಳುತ್ತವೆ. ಸರಪಳಿಗಳು ಪರಸ್ಪರ ಹೆಣೆದುಕೊಂಡು ರಬ್ಬರ್ ಆಗುತ್ತವೆ. ಮೂಗಿಗೆ ಬಡಿಯುವ ಹುಳಿ ವಾಸನೆ ಈ ಆಮ್ಲದ್ದು. ಗಾಜಿನಲ್ಲೂ ಮುಖ್ಯವಾಗಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಸಿಲಿಕಾ, ಆದ್ದರಿಂದ ಅದರ ಮೇಲ್ಮೈಗೆ ಸಿಲಿಕೋನ್ ಬಿಗಿಯಾಗಿ ಬೆಸೆದುಕೊಳ್ಳುತ್ತದೆ. ಅಕ್ರಿಲಿಕ್ ಹಾಳೆಗೆ ಹೀಗೆ ಹಿಡಿಯುವುದಿಲ್ಲ. ಆ ತೊಟ್ಟಿಗೆ ದ್ರಾವಕದಿಂದ ಬೆಸೆಯುವ ದಾರಿಯೇ ಸರಿ.

ಈಗ ಮುಖ್ಯ ವಿಷಯ. ವಾಸನೆ ಹೇಳುವುದು ಸಿಲಿಕೋನ್ ಗಟ್ಟಿಯಾಗುವ ಬಗೆಯನ್ನು ಮಾತ್ರ. ಅದಕ್ಕೆ ಇನ್ನೇನು ಬೆರೆಸಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಬಚ್ಚಲುಮನೆಗೆಂದು ಮಾರುವ ಸ್ಯಾನಿಟರಿ ಸಿಲಿಕೋನ್‌ಗಳಲ್ಲೂ ಅನೇಕವು ಅಸಿಟಾಕ್ಸಿ ಬಗೆಯವೇ, ಅವಕ್ಕೂ ಇದೇ ವಾಸನೆ. ಆದರೆ ಬೂಷ್ಟು ಹಿಡಿಯದಿರಲಿ ಎಂದು ಅವುಗಳಿಗೆ ಶಿಲೀಂಧ್ರನಾಶಕ ಸೇರಿಸಿರುತ್ತಾರೆ. ಹಾಗೆ ಬಳಸುವ ಜಿಂಕ್ ಪೈರಿಥಿಯೋನ್‌ನಂಥವು ಜಲಚರಗಳಿಗೆ ಘೋರ ವಿಷ. ಬಚ್ಚಲಿನಲ್ಲಿ ನೀರು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಅದೇ ನೀರಿನಲ್ಲಿ ಮೀನು ಹಗಲಿರುಳು ಉಸಿರಾಡಬೇಕು. ಮಳೆಗಾಲದಲ್ಲಿ ಗೋಡೆಗೋಡೆಗೂ ಬೂಷ್ಟು ಹಿಡಿಯುವ ಮುಂಬಯಿಯಲ್ಲಿ ಅಂಗಡಿಯವರು ಒಳ್ಳೆಯ ಮಾಲು ಎಂದು ಮುಂದಿಡುವುದೂ ಇಂಥ ಟ್ಯೂಬನ್ನೇ, ಅವರದು ಸದುದ್ದೇಶವೇ. ‘ಬಾಥ್‌ರೂಮ್‌ವಾಲಾ ನಕೋ, ಫಿಶ್ ಟ್ಯಾಂಕ್‌ಸಾಠೀ ಪಾಹಿಜೆ’ (ಬಚ್ಚಲುಮನೆಯದು ಬೇಡ, ಮೀನಿನ ತೊಟ್ಟಿಗೆ ಬೇಕು) ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿ. ‘ಆ್ಯಂಟಿ ಫಂಗಲ್’, ‘ಮೋಲ್ಡ್ ರೆಸಿಸ್ಟೆಂಟ್’, ‘ಸ್ಯಾನಿಟರಿ’, ‘ಕಿಚನ್ ಆ್ಯಂಡ್ ಬಾತ್’ ಈ ಪದಗಳಲ್ಲಿ ಯಾವುದು ಕಂಡರೂ ಟ್ಯೂಬನ್ನು ಹಿಂದಿರುಗಿಸಿ.

ಬೇಕಾದದ್ದು ‘100% ಸಿಲಿಕೋನ್’ ಎಂಬ ಬರಹ, ಜೊತೆಗೆ ಅಕ್ವೇರಿಯಂಗೆ ಆಗುತ್ತದೆ ಎಂಬ ತಯಾರಕರ ಸ್ಪಷ್ಟ ಮಾತು. ತಯಾರಕರ ತಾಂತ್ರಿಕ ಹಾಳೆಯಲ್ಲಿ ಮಿತಿಗಳನ್ನು ಹೇಳುವ ಭಾಗವನ್ನು ತಪ್ಪದೆ ಓದಿ. ಅಕ್ವೇರಿಯಂಗೆ ಬಳಸಬಾರದು ಎಂಬ ಸಾಲು ಅಡಗಿರುವುದು ಅಲ್ಲಿಯೇ. ಬಣ್ಣ ಕಪ್ಪೋ ಪಾರದರ್ಶಕವೋ ಎಂಬುದರಿಂದ ಸುರಕ್ಷತೆ ತಿಳಿಯದು. ತೀರಾ ಅಗ್ಗದ ಮಾಲಿಗೆ ಖನಿಜ ತೈಲ ಬೆರೆಸಿ ತೆಳುಗೊಳಿಸಿರಬಹುದು, ಅದು ಕಾಲಕ್ರಮೇಣ ಕುಗ್ಗುತ್ತದೆ. ಅವಧಿ ಮುಗಿದ ಟ್ಯೂಬ್ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು.

ನ್ಯೂಟ್ರಲ್ ಎಂದು ಮಾರುವ ಸಿಲಿಕೋನ್‌ಗೆ ಹುಳಿ ವಾಸನೆ ಇಲ್ಲ. ಅದರಿಂದ ಗಟ್ಟಿಯಾಗುವಾಗ ಆಮ್ಲದ ಬದಲು ಆಲ್ಕೋಹಾಲ್ ಅಥವಾ ಆಕ್ಸೈಮ್ ಎಂಬ ರಾಸಾಯನಿಕ ಹೊರಬರುತ್ತದೆ. ತಯಾರಕರೇ ಅಕ್ವೇರಿಯಂಗೆ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಅದನ್ನು ಬಳಸಿ. ಸಿಮೆಂಟ್ ತೊಟ್ಟಿಗಾದರೆ ಅಂಥದ್ದನ್ನೇ ಹುಡುಕಬೇಕು, ಏಕೆಂದರೆ ಆಮ್ಲ ಸಿಮೆಂಟಿನ ಸುಣ್ಣದ ಅಂಶವನ್ನು ತಿಂದು ಹಿಡಿತ ಸಡಿಲಿಸುತ್ತದೆ.

ಸರಿಯಾದ ಸಿಲಿಕೋನ್ ಕೂಡ ಪೂರ್ತಿ ಗಟ್ಟಿಯಾಗುವವರೆಗೆ ಸುರಕ್ಷಿತವಲ್ಲ. ಹೆಬ್ಬೆರಳಿನಷ್ಟು ದಪ್ಪದ ಗುಡ್ಡೆಯೊಂದನ್ನು ಗಾಜಿನ ಚೂರಿನ ಮೇಲೆ ಹಿಂಡಿ, ಮರುದಿನ ಬ್ಲೇಡಿನಿಂದ ಸೀಳಿ ನೋಡಿ. ಹೊರಗೆ ಜಗ್ಗುವ ರಬ್ಬರ್ ಸಿಪ್ಪೆ, ಒಳಗೆ ಬೆರಳಿಗೆ ಮೆತ್ತುವ ಹಸಿ ಪೇಸ್ಟ್, ಜೊತೆಗೆ ತಟ್ಟನೆ ಏರುವ ಹುಳಿ ಗಾಳಿ. ತೇವ ಹೊರಗಿನಿಂದಲೇ ಒಳಗೆ ಇಳಿಯಬೇಕಾದ್ದರಿಂದ ಹೀಗೆ. ಮೊದಲ 24 ಗಂಟೆಯಲ್ಲಿ ಸಾಮಾನ್ಯವಾಗಿ 2–3 ಮಿ.ಮೀ. ಗಟ್ಟಿಯಾಗುತ್ತದೆ. ಆಮೇಲೆ ಗಟ್ಟಿಯಾದ ಪದರವೇ ತೇವಕ್ಕೆ ಅಡ್ಡಿ. ಆಳ ಇಮ್ಮಡಿಯಾದರೆ ಕಾಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಎರಡು ಗಾಜುಗಳ ನಡುವೆ ಸಿಕ್ಕ ಸಿಲಿಕೋನ್‌ಗೆ ತೇವ ಬರುವುದು ಅಂಚುಗಳಿಂದ ಮಾತ್ರ. ಹೀಗಾಗಿ ಕನಿಷ್ಠ ಒಂದು ವಾರ, ದಪ್ಪ ಗಾಜಿದ್ದರೆ ಇನ್ನೂ ಹೆಚ್ಚು ಕಾಯಬೇಕು. ಮುಂಬಯಿಯ ಜುಲೈ ತಿಂಗಳ ತೇವದಲ್ಲಿ ಮೇಲ್ಪದರ ಬೇಗ ಕಟ್ಟುತ್ತದೆ, ಬೆರಳಿನಿಂದ ನಯಗೊಳಿಸುವ ಕೆಲಸವನ್ನು ಚುರುಕಾಗಿ ಮುಗಿಸಬೇಕು. ಪುಣೆಯ ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಅದಕ್ಕೆ ವಿರುದ್ಧ.

ಅವಸರ ಮಾಡಿದರೆ ಹೊರೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ. 60 ಸೆಂ.ಮೀ. ಉದ್ದದ ತೊಟ್ಟಿಯಲ್ಲಿ 36 ಸೆಂ.ಮೀ. ಎತ್ತರಕ್ಕೆ ನೀರು ನಿಂತರೆ ಮುಂದಿನ ಗಾಜನ್ನು ಅದು ಸುಮಾರು 39 ಕಿಲೋ ತೂಕಕ್ಕೆ ಸಮನಾದ ಬಲದಿಂದ ಹೊರಕ್ಕೆ ತಳ್ಳುತ್ತದೆ. ಅದೇ ಉದ್ದಕ್ಕೆ ನೀರಿನ ಎತ್ತರ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು.

ಅಂಟಿಸುವ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಹಳೆಯ ತೊಟ್ಟಿಯ ದುರಸ್ತಿಯಾದರೆ ಹಳೆಯ ಸಿಲಿಕೋನನ್ನು ಪೂರ್ತಿ ಕೆರೆದು ತೆಗೆಯಿರಿ, ಹೊಸದು ಅದರ ಮೇಲೆ ಚೆನ್ನಾಗಿ ಕಚ್ಚುವುದಿಲ್ಲ. ವಾಸನೆ ಸಂಪೂರ್ಣ ಹೋದ ಮೇಲೆ ತೊಟ್ಟಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ, ನೀರು ತುಂಬಿಸಿ, ಒಂದು ದಿನ ಬಿಡಿ. ಕಾಗದ ಎಲ್ಲೂ ಒದ್ದೆಯಾಗದಿದ್ದರೆ ಆ ನೀರನ್ನು ಚೆಲ್ಲಿ, ಕ್ಲೋರಿನ್ ತೆಗೆದ ಹೊಸ ನೀರು ತುಂಬಿಸಿ.