ಗಟ್ಟಿ ಬೆಸುಗೆಗೂ ತುಕ್ಕು ಯಾಕೆ ಹಿಡಿಯುತ್ತದೆ?

ಉಕ್ಕಿನ ಪೈಪ್ ಬೆಸುಗೆಯಲ್ಲಿ ಸೋರಿದರೆ ಎಲ್ಲರೂ ಮೊದಲು ಬೈಯುವುದು ವೆಲ್ಡರ್‌ನನ್ನು. ಪಾಪ, ಎಷ್ಟೋ ಸಲ ಅವನ ತಪ್ಪೇ ಇರುವುದಿಲ್ಲ. ಸರಿಯಾಗಿ ಹಾಕಿದ ಬೆಸುಗೆ ಪೈಪ್‌ಗಿಂತ ಗಟ್ಟಿಯಾಗಿಯೇ ಇರಬಹುದು. ಆದರೆ ತುಕ್ಕಿಗೆ ಬೇಕಾಗಿರುವುದು ಪಕ್ಕದ ಲೋಹಕ್ಕೂ ಇದಕ್ಕೂ ಇರುವ ಸಣ್ಣ ವ್ಯತ್ಯಾಸ.

ಬೆಸುಗೆ ಹಾಕುವಾಗ ಉಕ್ಕು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಬೇಗನೆ ಗಟ್ಟಿಯಾಗುತ್ತದೆ. ಅಂಚಿನ ಕೆಲವು ಮಿಲಿಮೀಟರ್ ಲೋಹ ಕರಗದಿದ್ದರೂ, ಕಾದು ತಣ್ಣಗಾಗುವಷ್ಟರಲ್ಲಿ ಅದರೊಳಗಿನ ಹರಳುಗಳ ಜೋಡಣೆ ಬದಲಾಗಿರುತ್ತದೆ. ಅಂದರೆ ಕಣ್ಣಿಗೆ ಒಂದೇ ಪೈಪ್, ಒಳಗೆ ಮೂರು ಬಗೆಯ ಉಕ್ಕು. ಅದರ ಮೇಲೆ ಉಪ್ಪು ಅಥವಾ ಆಮ್ಲ ಬೆರೆತ ನೀರು ನಿಂತರೆ ಬ್ಯಾಟರಿ ತಯಾರು. ಇದು ಹೋಲಿಕೆಯಲ್ಲ, ನಿಜಕ್ಕೂ ಬ್ಯಾಟರಿಯೇ.

ಬೆಸುಗೆಯೇ ಈ ಬ್ಯಾಟರಿಯ ಆನೋಡ್, ಅಂದರೆ ಎಲೆಕ್ಟ್ರಾನ್ ಕೊಟ್ಟು ಸವೆಯುವ ಭಾಗ, ಆಗಿಬಿಟ್ಟರೆ ಕಷ್ಟ. ಸುತ್ತಲಿನ ಪೈಪ್ ಕ್ಯಾಥೋಡ್ ಆಗಿ ಎಲೆಕ್ಟ್ರಾನ್‌ಗಳನ್ನು ಎಳೆಯುತ್ತದೆ, ಅವನ್ನು ಕೊಡಬೇಕಾದದ್ದು ಮಾತ್ರ ಆ ತೆಳ್ಳನೆಯ ಪಟ್ಟಿ. ಹಾಗಾಗಿ ಪೈಪ್ ಚೆನ್ನಾಗಿಯೇ ಇರುತ್ತದೆ, ಬೆಸುಗೆ ಮಾತ್ರ ಸವೆಯುತ್ತಾ ಆಳಕ್ಕೆ ಇಳಿಯುತ್ತದೆ. ಇದನ್ನು ತಿರುಗಿಸಲು ಬೆಸುಗೆಯ ಲೋಹಕ್ಕೆ ಸುಮಾರು ಶೇ. 1ರಷ್ಟು ನಿಕ್ಕಲ್ ಸೇರಿಸುವ ಉಪಾಯವಿದೆ. ಸಮುದ್ರದ ನೀರಿನಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಇರುವ ತೈಲದ ಪೈಪ್‌ಗಳಲ್ಲಿ ಅದೇ ನಿಕ್ಕಲ್ ಬೆಸುಗೆ ತಾನೇ ಸವೆದ ಉದಾಹರಣೆಗಳೂ ಇವೆ. ಒಂದು ಕಡೆ ಹೊಂದಿದ ಮದ್ದು ಎಲ್ಲ ಕಡೆ ಹೊಂದುವುದಿಲ್ಲ.

ಇನ್ನು ಪೈಪ್‌ನ ಉದ್ದಕ್ಕೂ ಸಾಗುವ ಬೆಸುಗೆ. ತಗಡನ್ನು ಸುತ್ತಿ, ಅಂಚುಗಳನ್ನು ವಿದ್ಯುತ್ತಿನಿಂದ ಕಾಯಿಸಿ ಒತ್ತಿ ಕೂಡಿಸಿದ ಪೈಪ್‌ಗಳಲ್ಲಿ ಇದು ಇರುತ್ತದೆ. ಒತ್ತುವಾಗ ಉಕ್ಕಿನೊಳಗಿನ ಮ್ಯಾಂಗನೀಸ್ ಸಲ್ಫೈಡ್ ಎಳೆಗಳು ಮೇಲ್ಮೈ ಕಡೆಗೆ ತಿರುಗುತ್ತವೆ, ತುಕ್ಕು ಅಲ್ಲಿಂದಲೇ ಒಳಗೆ ಕೊರೆಯುತ್ತದೆ. ಗಂಧಕ ಜಾಸ್ತಿ ಇದ್ದ ಹಳೆಯ ಉಕ್ಕಿನಲ್ಲಿ ಈ ಕಾಟ ಹೆಚ್ಚು. ಈಗ ಗಂಧಕ ಕಡಿಮೆ ಮಾಡುತ್ತಾರೆ, ಬೆಸುಗೆಯನ್ನು ಮತ್ತೆ ಕಾಯಿಸಿ ಹದ ಮಾಡುತ್ತಾರೆ.

ಹೊರಗಿನಿಂದ ಲೇಪನ, ಜೊತೆಗೆ ಕ್ಯಾಥೋಡಿಕ್ ರಕ್ಷಣೆಯ (ಅಂದರೆ ಇಡೀ ಪೈಪನ್ನೇ ಕ್ಯಾಥೋಡ್ ಮಾಡಿ ಉಳಿಸುವ) ವಿದ್ಯುತ್ತು ಕಾಪಾಡುತ್ತವೆ ಸರಿ, ಆದರೆ ಆ ವಿದ್ಯುತ್ತು ಪೈಪ್‌ನ ಒಳಮೈಗೆ ತಲುಪುವುದಿಲ್ಲವಲ್ಲ! ಒಳಗೆ ಓಡುತ್ತಾ ಪರೀಕ್ಷಿಸುವ ಯಂತ್ರಗಳಿವೆ. ಅವುಗಳಲ್ಲಿ ಒಂದು ಬಗೆ ಪೈಪ್‌ನ ಉದ್ದಕ್ಕೆ ಕಾಂತಕ್ಷೇತ್ರ ಹಾಯಿಸಿ, ಅದು ಎಲ್ಲಿ ಹೊರಗೆ ಸೋರುತ್ತದೆ ಅಂತ ನೋಡುತ್ತದೆ. ಗುಂಡಿ ಇದ್ದರೆ ಸಿಗುತ್ತದೆ. ಆದರೆ ಉದ್ದಕ್ಕೇ ಹರಿದ ಕಿರಿದಾದ ಗೀರಿನ ಪಕ್ಕದಲ್ಲೇ ಕಾಂತರೇಖೆಗಳು ಸಲೀಸಾಗಿ ಹೋಗಿಬಿಡುತ್ತವೆ, ಯಂತ್ರಕ್ಕೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಕಾಂತಕ್ಷೇತ್ರವನ್ನು ಪೈಪ್‌ನ ಸುತ್ತಲೂ ಅಡ್ಡಡ್ಡ ಹಾಯಿಸುವ ಯಂತ್ರವನ್ನೋ, ಅಲ್ಟ್ರಾಸೌಂಡ್ ಯಂತ್ರವನ್ನೋ ಬೇರೆಯಾಗಿ ಓಡಿಸಬೇಕಾಗುತ್ತದೆ.