ಊರಿನ ಅನುದಾನಿತ ಶಾಲೆಯ ಮಾಡು ಯಾರ ಲೆಕ್ಕಕ್ಕೆ?

ನಮ್ಮ ಮಂಗಳೂರು, ಉಡುಪಿ ಕಡೆ ನೂರು ವರ್ಷ ದಾಟಿದ ಹಳ್ಳಿ ಶಾಲೆಗಳಲ್ಲಿ ಸುಮಾರು ಅನುದಾನಿತ ಶಾಲೆಗಳೇ ಉಂಟು. ಟೀಚರ ಸಂಬಳ ಸರಕಾರದ್ದು, ಕಟ್ಟಡ ಆಡಳಿತ ಮಂಡಳಿದು. ಮಾಡಿನ (ಛಾವಣಿಯ) ಹಂಚು ಹೊರುವ ಮರದ ಪಕ್ಕಾಸಿಗೆ ಒರಳೆ (ಗೆದ್ದಲು) ಹಿಡಿದು ಹಂಚು ಜಾರಿದ್ರೆ ಸರಕಾರಿ ಶಾಲೆಗೆ ಬರುವ ಹಾಗೆ ರಿಪೇರಿ ಹಣ ಬರುದಿಲ್ಲ. ಈ ಏರ್ಪಾಡು ಇವತ್ತಿಂದಲ್ಲ.

ಮೊದಲು ಇದ್ದದ್ದು ಐಗಳ ಮಠ. ಒಬ್ರು ಐಗಳು, ಯಾರದ್ದೋ ಮನೆ ಜಗಲಿ ಅಥವಾ ದೇವಸ್ಥಾನದ ಚಾವಡಿ, ಮಕ್ಕಳು ಹೊಯ್ಗೆಯಲ್ಲಿ ಬೆರಳಿಂದ ಅಕ್ಷರ ತಿದ್ದುದು, ಬಾಯಿಪಾಠ ಮಗ್ಗಿ, ಐಗಳಿಗೆ ಅಕ್ಕಿ ತೆಂಗಿನಕಾಯಿ. ಶಾಲೆ ಅಂದ್ರೆ ಮನುಷ್ಯ, ಕಟ್ಟಡ ಅಲ್ಲ. 1834ರಲ್ಲಿ ಸ್ವಿಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದ್ರು, 1836ರಲ್ಲಿ ಕನ್ನಡ ಶಾಲೆ ಶುರು ಮಾಡಿದ್ರು. ಆಮೇಲೆ 1854ರ ವುಡ್ಸ್ ಡಿಸ್ಪ್ಯಾಚ್ ಅಂದ್ರೆ ಬ್ರಿಟಿಷರ ಶಿಕ್ಷಣ ನೀತಿಯ ಪತ್ರ, ಖಾಸಗಿಯವರು ಶಾಲೆ ನಡೆಸ್ಲಿ ಸರಕಾರ ಗ್ರಾಂಟ್ ಕೊಡ್ತದೆ ಅಂತ ಹೇಳಿದ್ದು ಅದೇ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಊರಿನ ಒಬ್ಬ ಉಳ್ಳವರು ಜಾಗ ಕೊಟ್ರು, ಕೆಲವರು ಮುರಕಲ್ಲು ಹೊತ್ರು, ಕೆಲವರು ಮರ ಕೊಟ್ರು, ಹೀಗೆ ಎದ್ದ ಶಾಲೆಗೆ ಒಬ್ರು ಮ್ಯಾನೇಜರು. ಡಿಸ್ಟ್ರಿಕ್ಟ್ ಬೋರ್ಡಿನವರು ಕಟ್ಟಿದ್ದಕ್ಕೆ ಬೋರ್ಡ್ ಶಾಲೆ ಅಂತ ಹೆಸರು, ಈಗಲೂ ಹಳಬರು ಹಾಗೇ ಹೇಳುದು.

ಆದ್ರೆ ಊರಿನ ಶಾಲೆ ಅಂದ್ರೆ ಊರಿನ ಎಲ್ಲರದ್ದು ಅಂತ ಆಗಿರ್ಲಿಲ್ಲ, ಇದನ್ನು ಹೇಳದೆ ಹಳೆ ಶಾಲೆಯನ್ನು ಹೊಗಳ್ಲಿಕ್ಕೆ ನನಗೆ ಮನಸ್ಸಿಲ್ಲ. ದಲಿತ ಮಕ್ಕಳಿಗೆ ಒಳಗೆ ಪ್ರವೇಶ ಇರ್ಲಿಲ್ಲ ಅಂತ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಅವರಿಗೇ ಶಾಲೆ ತೆರೆದ್ರು, ಸ್ವಂತ ಜಾತಿಯವರ ವಿರೋಧ ಕಟ್ಟಿಕೊಂಡ್ರು, ಕಲಿಸ್ಲಿಕ್ಕೆ ಮಾಸ್ಟ್ರು ಸಿಗುದೇ ಕಷ್ಟ ಆಯ್ತು, ಆದ್ರೂ ಬಿಡ್ಲಿಲ್ಲ, 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಅಂತ ಸಂಸ್ಥೆ ಕಟ್ಟಿದ್ರು. ತಾನು ಕಲಿಸಿದ ಸಮುದಾಯದ ಮಕ್ಕಳು ದೊಡ್ಡ ಹುದ್ದೆಗೆ ಹೋಗಿ ಗಾಡಿಯಲ್ಲಿ ಓಡಾಡ್ಬೇಕು, ಆ ಧೂಳು ತನ್ನ ತಲೆಗೆ ತಾಗ್ಬೇಕು ಅಂತ ಅವರ ಆಸೆ, ಮಂಗಳೂರಿನ ಬಾಬುಗುಡ್ಡೆಯ ಅವರ ಸಮಾಧಿಯಲ್ಲಿ ಬರೆದದ್ದುಂಟು. ಒಮ್ಮೆ ಹೋಗಿ ನೋಡಿ.

ಮತ್ತೆ ಮಾಡಿನ ವಿಷಯ. ಮೊದಲೆಲ್ಲ ಮುಳಿಹುಲ್ಲು, ಅದನ್ನು ಮತ್ತೆ ಮತ್ತೆ ಹೊದಿಸ್ಬೇಕು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದ ಮೇಲೆ ನಿಧಾನಕ್ಕೆ ಶಾಲೆಗಳಿಗೂ ಹಂಚು ಬಂತು. ಹಂಚು ಗಟ್ಟಿ, ಆದ್ರೆ ಸುಮ್ನೆ ಬಿಟ್ರೆ ಆಗುದಿಲ್ಲ, ಮಳೆಗೆ ಮೊದಲು ತರಗೆಲೆ ಗುಡಿಸಿ ಒಡೆದದ್ದು ಬದಲಿಸ್ಬೇಕು, ಹಂಚು ಕೂರುವ ಮರದ ರೀಪು ನೋಡ್ಬೇಕು. ಮ್ಯಾನೇಜರು ಊರಲ್ಲೇ ಇದ್ದಾಗ ಅವರ ಅಡಿಕೆ ತೋಟದ ಆಳುಗಳೇ ಶಾಲೆ ಮಾಡಿಗೂ ಹತ್ತುತ್ತಿದ್ರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಸಂಬಳದ ಅನುದಾನ ಮುಂದುವರಿಯಿತು, ಕಟ್ಟಡ ಮಾತ್ರ ಮ್ಯಾನೇಜರ ಹೆಸರಲ್ಲೇ ಉಳಿಯಿತು. ಈಗ ಅವರ ಮಕ್ಕಳು ಮೊಮ್ಮಕ್ಕಳು ಬೆಂಗಳೂರು, ದುಬೈ. ನಿವೃತ್ತರಾದ ಟೀಚರ ಜಾಗಕ್ಕೆ ಹೊಸಬರು ಬರುದೂ ಕಷ್ಟ, ಊರಿನ ಮಕ್ಕಳು ಇಂಗ್ಲಿಷ್ ಮೀಡಿಯಮ್ ಶಾಲೆಯ ಬಸ್ಸು ಹತ್ತಿ ಹೋಗ್ತಾರೆ.

ನಾನು ಕಲಿತ ಶಾಲೆಯ ಐದನೇ ಕ್ಲಾಸಿನ ಮೂಲೆ ಮಳೆಗಾಲದಲ್ಲಿ ಸೋರ್ತದೆ, ಅಲ್ಲಿ ಬಕೆಟ್ ಇಟ್ಟು ಮಕ್ಕಳನ್ನು ಆಚೆ ಕೂರಿಸ್ತಾರೆ. ಹಳೆ ವಿದ್ಯಾರ್ಥಿಗಳು ಸೇರಿ ಹಣ ಒಟ್ಟು ಮಾಡ್ತಾ ಇದ್ದೇವೆ. ಈ ಬೇಸಿಗೆಗೆ ಆ ಕೋಣೆಯ ಪಕ್ಕಾಸು ಬದಲಿಸುದು, ಜಗಲಿಯದ್ದು ಬರುವ ವರ್ಷಕ್ಕೆ.