ಮಕ್ಕಳಿಗೆ ಬೇಸ್‌ಬಾಲ್ ಬ್ಯಾಟು ಆರಿಸುವುದು: ಉದ್ದ, ತೂಕ ಮತ್ತು ಬೀಸುವ ಭಾರ

ಈ ಟಿಪ್ಪಣಿ ನನ್ನ ಜೊತೆ ದೈಹಿಕ ಶಿಕ್ಷಣ ಓದುತ್ತಿರುವವರಿಗೆ ಮತ್ತು ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳಲ್ಲಿ ಬೇಸ್‌ಬಾಲ್ ತಂಡ ಕಟ್ಟಲು ಹೊರಟವರಿಗೆ. ಬ್ಯಾಟಿನ ಬಗ್ಗೆ ಸಿಗುವ ಮಾಹಿತಿಯೆಲ್ಲ ಅಮೆರಿಕದ ಅಂಗಡಿಗಳ ಲೆಕ್ಕದಲ್ಲಿರುತ್ತದೆ. ನಮ್ಮ ಮಕ್ಕಳು ಮೈದಾನಕ್ಕೆ ಬರುವುದೋ ಕ್ರಿಕೆಟ್ ಕೈಯಲ್ಲಿ. ಆದ್ದರಿಂದ ಅಲ್ಲಿನ ಅಳತೆಗಳನ್ನು ಹಾಗೇ ಇಟ್ಟುಕೊಂಡು, ಇಲ್ಲಿ ಅವು ಹೇಗೆ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಸಮವಸ್ತ್ರ ಹೊಲಿಸುವಾಗ ‘ಬೆಳೆಯುವ ಹುಡುಗ, ಎರಡು ಬೆರಳು ದೊಡ್ಡದೇ ಇರಲಿ’ ಎಂದು ದರ್ಜಿಗೆ ಹೇಳುತ್ತೇವಲ್ಲ, ಆ ಲೆಕ್ಕ ಬ್ಯಾಟಿಗೆ ಹೊಂದುವುದಿಲ್ಲ. ದೊಡ್ಡ ಅಂಗಿಯ ತೋಳು ಮಡಚಬಹುದು. ಉದ್ದದ ಬ್ಯಾಟನ್ನು ಒಂದು ವರ್ಷ ಬೀಸಿದ ಹುಡುಗನಿಗೆ ತಪ್ಪು ಬೀಸೇ ರೂಢಿಯಾಗಿ, ಸರಿಯಾದ ಅಳತೆಯ ಬ್ಯಾಟು ಕೊಟ್ಟ ಮೇಲೂ ಅದು ಬಿಡುವುದಿಲ್ಲ.

ಕ್ರಿಕೆಟ್ ಕೈ, ಬೇಸ್‌ಬಾಲ್ ಬ್ಯಾಟು

ಹನ್ನೆರಡು ವರ್ಷದ ಹುಡುಗನ ಕ್ರಿಕೆಟ್ ಬ್ಯಾಟು ಸುಮಾರು ಒಂದು ಕಿಲೋ ತೂಗುತ್ತದೆ. ಅದೇ ವಯಸ್ಸಿನವರ ಬೇಸ್‌ಬಾಲ್ ಬ್ಯಾಟು ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಹೀಗಾಗಿ ಕೈಗೆತ್ತಿಕೊಂಡ ತಕ್ಷಣ ಎಲ್ಲರೂ ‘ಇದೇನು, ಹಗುರ’ ಎನ್ನುತ್ತಾರೆ. ಆದರೆ ಕ್ರಿಕೆಟ್ ಬ್ಯಾಟಿನ ತುದಿ ನೆಲದ ಕಡೆಗಿರುತ್ತದೆ. ಹಿಂದಕ್ಕೆತ್ತಿ ಬಿಟ್ಟರೆ ತನ್ನ ಭಾರದಿಂದಲೇ ಮುಂದೆ ಬರುತ್ತದೆ. ಬೇಸ್‌ಬಾಲ್ ಬ್ಯಾಟನ್ನು ಭುಜದ ಮೇಲೆ ಎತ್ತಿ ಹಿಡಿದು ನಿಲ್ಲಬೇಕು, ಆಮೇಲೆ ಹೆಚ್ಚು ಕಡಿಮೆ ಅಡ್ಡಡ್ಡ ಬೀಸಬೇಕು. ಭೂಮಿಯ ಸೆಳೆತ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಬದಲಿಗೆ ತುದಿಯನ್ನು ಕೆಳಗೆ ಎಳೆಯುತ್ತದೆ. ಅರ್ಧ ಕಿಲೋ ಅಲ್ಲಿ ಬೇರೆಯದೇ ಭಾರ.

ಹಾಸನದ ಮೈದಾನವೊಂದರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಚೀಲದಿಂದ ತಾನೇ 32 ಇಂಚಿನ ಬ್ಯಾಟು ಆರಿಸಿಕೊಂಡ. “ಸರ್, ಉದ್ದ ಇದ್ದರೆ ದೂರ ಹೋಗುತ್ತದೆ ಅಲ್ಲವೇ?” ಎಂದು ಕೇಳಿದ. ಬೀಸು ಶುರುವಾಗುವಾಗ ಅವನ ಹಿಂದಿನ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತಿತ್ತು, ಬ್ಯಾಟಿನ ತುದಿ ಮಣಿಕಟ್ಟಿಗಿಂತ ಒಂದು ಗೇಣು ಕೆಳಗೆ ಜಾರುತ್ತಿತ್ತು, ಅಲ್ಲಿಂದ ಮೇಲಕ್ಕೆ ಗೋರಿದಂತೆ ಬರುತ್ತಿತ್ತು. ಚೆಂಡು ಬ್ಯಾರೆಲ್‌ಗೆ (ಬ್ಯಾಟಿನ ದಪ್ಪ ಭಾಗ) ತಾಗುವ ಬದಲು ಹಿಡಿಯ ಹತ್ತಿರ ತಾಗಿದಾಗ ಬ್ಯಾಟು ಬಿಟ್ಟು ಕೈ ಕೊಡವಿದ. ಮುಂದಿನ ಎಸೆತಕ್ಕೆ ಕಣ್ಣು ಮುಚ್ಚಿ ಬೀಸಿದ. 28 ಇಂಚಿನದನ್ನು ಕೊಟ್ಟಾಗ ಮೊಣಕೈ ತಾನಾಗಿ ಮೇಲೆ ಬಂತು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಬ್ಯಾಟಿನಲ್ಲಿ ಚೆಂಡು ಚೆನ್ನಾಗಿ ಹಾರುವ ಜಾಗ ಸಾಮಾನ್ಯವಾಗಿ ತುದಿಯಿಂದ ಐದು–ಏಳು ಇಂಚು ಒಳಗೆ ಇರುತ್ತದೆ. ಅಲ್ಲಿ ತಾಗಿದರೆ ಬ್ಯಾಟು ಕಡಿಮೆ ಕಂಪಿಸುತ್ತದೆ, ಬೇರೆಡೆ ತಾಗಿದರೆ ಕಂಪನವೆಲ್ಲ ಅಂಗೈಗೆ. ಉದ್ದದ ಬ್ಯಾಟು ಹಿಡಿದ ಮಗು ಪ್ಲೇಟಿಗೆ (ನೆಲದಲ್ಲಿರುವ, ಚೆಂಡು ಮೇಲೆ ಹಾದುಹೋಗಬೇಕಾದ ಹಲಗೆ) ಹತ್ತಿರ ನಿಂತರಂತೂ ಒಳಗೆ ಬಂದ ಚೆಂಡೆಲ್ಲ ಕೈ ಹತ್ತಿರವೇ ತಾಗುತ್ತದೆ. ಮಕ್ಕಳು ಈ ಆಟ ಬಿಡುವುದಕ್ಕೆ ಆ ಜುಮ್ಮೆನ್ನುವ ನೋವು ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ.

ಡ್ರಾಪ್ ಎಂಬ ಅಂಕಿ

ಬ್ಯಾಟಿನ ಉದ್ದ ಇಂಚಿನಲ್ಲಿ, ತೂಕ ಔನ್ಸ್‌ನಲ್ಲಿ. ತೂಕದ ಅಂಕಿಯಿಂದ ಉದ್ದದ ಅಂಕಿಯನ್ನು ಕಳೆದರೆ ಬರುವುದೇ ಡ್ರಾಪ್. 30 ಇಂಚು ಉದ್ದ, 20 ಔನ್ಸ್ ತೂಕ ಇದ್ದರೆ –10. ಇಂಚನ್ನೂ ಔನ್ಸನ್ನೂ ಹೀಗೆ ಒಂದರಿಂದೊಂದು ಕಳೆಯುವುದಕ್ಕೆ ಭೌತಶಾಸ್ತ್ರದಲ್ಲಿ ಅರ್ಥವಿಲ್ಲ. ವ್ಯಾಪಾರದ ಅನುಕೂಲಕ್ಕೆ ಬಂದ ಲೆಕ್ಕ. ಆದರೂ ಬ್ಯಾಟಿನ ಮೇಲೆ ಮುದ್ರೆಯಾಗಿರುವುದು ಇದೇ ಆದ್ದರಿಂದ ಕಲಿಯಲೇಬೇಕು. ನಮ್ಮಲ್ಲಿ ಆನ್‌ಲೈನ್ ಮಾರಾಟಗಾರರು ಸೆಂಟಿಮೀಟರ್, ಗ್ರಾಂಗಳಲ್ಲಿ ಕೊಡುವುದುಂಟು. ಸೆಂಟಿಮೀಟರನ್ನು 2.54ರಿಂದ, ಗ್ರಾಮನ್ನು 28.35ರಿಂದ ಭಾಗಿಸಿ. 71 ಸೆಂ.ಮೀ., 510 ಗ್ರಾಂ ಎಂದರೆ 28 ಇಂಚು, 18 ಔನ್ಸ್, ಡ್ರಾಪ್ –10.

ಸ್ಥೂಲವಾಗಿ ಹೇಳುವುದಾದರೆ ಏಳೆಂಟು ವರ್ಷದವರಿಗೆ –10ರಿಂದ –13, ಒಂಬತ್ತರಿಂದ ಹನ್ನೆರಡರವರಿಗೆ –8ರಿಂದ –11, ಹದಿಮೂರು–ಹದಿನಾಲ್ಕಕ್ಕೆ –5ರಿಂದ –8. ಅಮೆರಿಕದ ಹೈಸ್ಕೂಲ್‌ಗಳಲ್ಲಿ ಲೋಹದ ಮತ್ತು ಕಾಂಪೋಸಿಟ್ (ಕಾರ್ಬನ್ ನಾರಿನಂಥ ಮಿಶ್ರ ವಸ್ತುವಿನ) ಬ್ಯಾಟುಗಳು –3ಕ್ಕಿಂತ ಹಗುರ ಇರುವಂತಿಲ್ಲ. ಉದ್ದಕ್ಕೆ ಎತ್ತರವೇ ಆಧಾರ: ನಾಲ್ಕು ಅಡಿ ಎತ್ತರದ ಮಗುವಿಗೆ 27–28 ಇಂಚು, ನಾಲ್ಕೂವರೆ ಅಡಿಗೆ 29, ಐದು ಅಡಿಗೆ 30–31, ಐದೂವರೆಗೆ 32. ಒಂದು ಇಂಚು ಆಚೀಚೆ ಆಗಬಹುದು; ಅನುಮಾನ ಬಂದರೆ ಚಿಕ್ಕದನ್ನೇ ತೆಗೆದುಕೊಳ್ಳಿ.

ಡ್ರಾಪ್ ಮುಚ್ಚಿಡುವ ಸಂಗತಿ

ಟಿಪ್ಪಣಿಯ ಮುಖ್ಯ ಭಾಗ ಇದು, ನಿಧಾನವಾಗಿ ಓದಿ.

28 ಇಂಚು–18 ಔನ್ಸ್, 30 ಇಂಚು–20 ಔನ್ಸ್, ಎರಡಕ್ಕೂ ಡ್ರಾಪ್ –10. ಆದ್ದರಿಂದ ಎರಡೂ ಮಗುವಿಗೆ ಒಂದೇ ರೀತಿ ಎಂದುಕೊಂಡರೆ ಕೆಟ್ಟಿತು. ಬೀಸುವಾಗ ಕೈಗೆ ಎದುರಾಗುವುದು ಬರೀ ತೂಕವಲ್ಲ, ಆ ತೂಕ ಕೈಯಿಂದ ಎಷ್ಟು ದೂರದಲ್ಲಿದೆ ಎಂಬುದು. ಪಿಯುಸಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎಂದು ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ನಾವು ಮೈದಾನದಲ್ಲಿ ಬೀಸುವ ಭಾರ ಎನ್ನೋಣ. ಬ್ಯಾಟನ್ನು ಎಲ್ಲೆಡೆ ಒಂದೇ ದಪ್ಪದ ಕೋಲು ಎಂದುಕೊಂಡರೆ, ತುದಿಯಲ್ಲಿ ಹಿಡಿದು ತಿರುಗಿಸುವಾಗ ಅದು ತೂಕ × ಉದ್ದ × ಉದ್ದ ÷ 3. ಉದ್ದ ಎರಡು ಸಲ ಗುಣಿಸಿಕೊಂಡಿದೆ, ಗಮನಿಸಿ.

ತೂಕ ಬದಲಾಗದೆ ಉದ್ದ ಮಾತ್ರ 28ರಿಂದ 30ಕ್ಕೆ ಏರಿದರೆ ಬೀಸುವ ಭಾರ ಶೇ 15ರಷ್ಟು ಹೆಚ್ಚುತ್ತದೆ. ತೂಕವೂ 18ರಿಂದ 20ಕ್ಕೆ ಏರಿದರೆ ಶೇ 28ರ ಹತ್ತಿರ. ನಿಜವಾದ ಬ್ಯಾಟು ತುದಿಯಲ್ಲಿ ದಪ್ಪ, ಒಳಗೆ ಟೊಳ್ಳು, ಆದ್ದರಿಂದ ಅಂಕಿ ಸ್ವಲ್ಪ ಬದಲಾಗಬಹುದು. ಪ್ರಯೋಗಾಲಯದಲ್ಲಿ ಅಳೆಯುವುದೂ ನಾಬ್‌ನಿಂದ (ಹಿಡಿಯ ಕೊನೆಯ ಗುಂಡು) ಆರು ಇಂಚು ಮೇಲಿನ ಬಿಂದುವಿನ ಸುತ್ತ. ಆದರೆ ದಿಕ್ಕು ಇದೇ. ಮುದ್ರೆಯಲ್ಲಿ ಅದೇ –10, ಹುಡುಗನ ಮಣಿಕಟ್ಟಿಗೆ ಕಾಲು ಪಾಲಿಗಿಂತ ಹೆಚ್ಚು ಕೆಲಸ.

ಇದನ್ನು ಮಕ್ಕಳಿಗೆ ತೋರಿಸಲು ಸೂತ್ರ ಬೇಡ. ಬ್ಯಾಟನ್ನು ತಿರುಗಿಸಿ ದಪ್ಪ ತುದಿಯನ್ನು ಹಿಡಿದು ಬೀಸಲು ಹೇಳಿ, ಆಮೇಲೆ ಸರಿಯಾಗಿ ಹಿಡಿದು ಬೀಸಲಿ. ತೂಕ ಒಂದು ಗ್ರಾಂ ಬದಲಾಗಿಲ್ಲ, ಕೈಗೆ ಮಾತ್ರ ಎರಡು ಬೇರೆ ಬ್ಯಾಟು. ಅಂಗಡಿಯಲ್ಲಿ ಒಂದೇ ತೂಕದ ಎರಡು ಬ್ಯಾಟು ಮುಂದಿದ್ದರೆ ತೋರುಬೆರಳ ಮೇಲೆ ಅಡ್ಡ ಇಟ್ಟು ಯಾವುದು ಎಲ್ಲಿ ಸಮತೋಲಕ್ಕೆ ಬರುತ್ತದೆ ಎಂದು ನೋಡಿ. ಆ ಬಿಂದು ಹಿಡಿಗೆ ಹತ್ತಿರ ಇರುವುದೇ ಕಲಿಯುವವರಿಗೆ ಒಳ್ಳೆಯದು. ತುದಿ ಭಾರದ ಬ್ಯಾಟು ತೋಳು ಗಟ್ಟಿಯಾದವರಿಗೆ.

ವೃತ್ತಿಪರರೂ ಈಗ ಇದೇ ಲೆಕ್ಕದ ಹಿಂದೆ ಬಿದ್ದಿದ್ದಾರೆ. 2025ರ ಮಾರ್ಚ್ 29ರಂದು ನ್ಯೂಯಾರ್ಕ್ ಯಾಂಕೀಸ್ ತಂಡ ಮಿಲ್ವಾಕಿ ಬ್ರೂವರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಒಂಬತ್ತು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆಯಿತು. ಅವರಲ್ಲಿ ಕೆಲವರ ಬ್ಯಾಟಿನ ಅತಿ ದಪ್ಪ ಭಾಗ ತುದಿಯಲ್ಲಿರದೆ ಹಿಡಿಯ ಕಡೆಗೆ ಸರಿದಿತ್ತು. ಟಾರ್ಪಿಡೊ ಬ್ಯಾಟು ಎಂದು ಸುದ್ದಿಯಾದದ್ದು ಅದೇ. ಅದರ ಹಿಂದಿದ್ದವರು ಭೌತಶಾಸ್ತ್ರ ಓದಿದ ಆರನ್ ಲೀನ್‌ಹಾರ್ಟ್. ವ್ಯಾಸ 2.61 ಇಂಚು, ಉದ್ದ 42 ಇಂಚು ಮೀರಬಾರದು, ಒಂದೇ ತುಂಡು ಮರವಾಗಿರಬೇಕು ಎಂಬ ನಿಯಮಗಳನ್ನು ಅದು ಮುರಿಯುವುದಿಲ್ಲ. ಮಕ್ಕಳಿಗೆ ಅಂಥದ್ದನ್ನು ತರಿಸಿಕೊಡಿ ಎಂದು ನಾನು ಹೇಳುತ್ತಿಲ್ಲ.

ಎಸೆತಕ್ಕೆ ಇರುವ ಸಮಯ

ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ಹನ್ನೆರಡು ವರ್ಷದೊಳಗಿನವರ ಆಟದಲ್ಲಿ ಪಿಚರ್ (ಚೆಂಡು ಎಸೆಯುವವನು) ನಿಲ್ಲುವುದು 46 ಅಡಿ ದೂರದಲ್ಲಿ, ಅಂದರೆ ಸುಮಾರು 14 ಮೀಟರ್. ಗಂಟೆಗೆ 80 ಕಿ.ಮೀ. ವೇಗದ ಚೆಂಡು ಆ ದೂರವನ್ನು 0.63 ಸೆಕೆಂಡಿನಲ್ಲಿ ದಾಟುತ್ತದೆ. ನೋಡಿ, ಹೊಡೆಯಬೇಕೋ ಬಿಡಬೇಕೋ ನಿರ್ಧರಿಸಿ, ಬೀಸಿ ಮುಗಿಸುವುದು ಅಷ್ಟರಲ್ಲೇ. ಬೀಸುವುದಕ್ಕೆ ಹೆಚ್ಚು ಹೊತ್ತು ಹಿಡಿದರೆ ನೋಡುವ ಹೊತ್ತು ಕಡಿತವಾಗುತ್ತದೆ. ಭಾರದ ಬ್ಯಾಟು ಹಿಡಿದವನು ಚೆಂಡು ಸರಿಯಾಗಿ ಕಾಣುವ ಮೊದಲೇ ಊಹೆಯ ಮೇಲೆ ಬೀಸತೊಡಗುತ್ತಾನೆ. ‘ಚೆಂಡು ನೋಡೋ’ ಎಂದು ಕೂಗುವ ಮೊದಲು ಅವನ ಕೈಯಲ್ಲಿರುವುದನ್ನು ನಾವು ನೋಡಬೇಕು.

ಪರೀಕ್ಷಿಸುವ ಬಗೆ

ನಾಬನ್ನು ಎದೆಯ ನಡುವೆ ಇಟ್ಟು ಬ್ಯಾಟನ್ನು ನೇರ ಮುಂದಕ್ಕೆ ಚಾಚಿದಾಗ ಮಗುವಿನ ಬೆರಳು ತುದಿಯನ್ನು ಮುಟ್ಟಿದರೆ ಉದ್ದ ಸರಿ. ಪಕ್ಕಕ್ಕೆ ಒಂದೇ ಕೈಯಲ್ಲಿ ಚಾಚಿ ಇಪ್ಪತ್ತು ಸೆಕೆಂಡು ಹಿಡಿಯುವ ಪರೀಕ್ಷೆಯೂ ಪ್ರಸಿದ್ಧ. ಇದರ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಅದು ಭುಜದ ತಾಳ್ಮೆಯನ್ನು ಅಳೆಯುತ್ತದೆಯೇ ಹೊರತು ಬೀಸನ್ನಲ್ಲ, ಮತ್ತು ಗೆಳೆಯರ ಎದುರು ಹಲ್ಲು ಕಚ್ಚಿ ಹಿಡಿಯುವ ಹುಡುಗರು ಬೇಕಾದಷ್ಟಿದ್ದಾರೆ. ಚೆಂಡಿಲ್ಲದೆ ಹತ್ತು ಸಲ ಬೀಸಿಸಿ, ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ಒಂದನೆಯದನ್ನೂ ಹತ್ತನೆಯದನ್ನೂ ನಿಧಾನಗತಿಯಲ್ಲಿ ಹೋಲಿಸಿ. ಹತ್ತನೆಯದರಲ್ಲಿ ತುದಿ ಜಾರಿದ್ದರೆ ಆ ಬ್ಯಾಟು ಬೇಡ. ಹೊಸದಕ್ಕೆ ಹಣವಿಲ್ಲದಿದ್ದರೆ ಹಿಡಿಯಲ್ಲಿ ಕೈಯನ್ನು ಒಂದೆರಡು ಇಂಚು ಮೇಲಕ್ಕೆ ಹಿಡಿಸಿ. ಬೀಸುವ ಭಾರ ಆಗಲೂ ಇಳಿಯುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಿಡಿಯ ದಪ್ಪವೂ ನೋಡಿ. ಚಿಕ್ಕ ಅಂಗೈಗೆ ದಪ್ಪ ಹಿಡಿ ಜಾರುತ್ತದೆ. ಸವೆದ ಹಿಡಿಗೆ, ಹಾಕಿ ಆಟದ ಸ್ಟಿಕ್ಕಿಗೆ ಸುತ್ತುವಂಥ ತೆಳು ಗ್ರಿಪ್ ಸಾಕು, ಹಳೆಯದನ್ನು ಬಿಚ್ಚಿಯೇ ಸುತ್ತಬೇಕು.

ಅಲ್ಯೂಮಿನಿಯಂ, ಕಾಂಪೋಸಿಟ್, ಮರ

ಶಾಲಾ ತಂಡಕ್ಕೆ ಒಂದೇ ತುಂಡಿನ ಅಲ್ಯೂಮಿನಿಯಂ ಬ್ಯಾಟು ಸಾಕು. ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ಕೊಂಡ ದಿನವೇ ಆಡಬಹುದು. ಕಾಂಪೋಸಿಟ್ ಕೈಗೆ ಮೃದು, ಆದರೆ ದುಬಾರಿ. ಸುಮಾರು 15–16 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದರ ಬ್ಯಾರೆಲ್ ಬಿರುಕು ಬಿಡುವ ಅಪಾಯವಿದೆ. ಡಿಸೆಂಬರ್–ಜನವರಿಯ ಮುಂಜಾನೆ ಮಂಜು ಕರಗುವ ಮೊದಲೇ ಅಭ್ಯಾಸ ಮಾಡಿಸುವ ಸಕಲೇಶಪುರ, ಮೂಡಿಗೆರೆ ಕಡೆಯವರು ಇದನ್ನು ಮನಸ್ಸಿನಲ್ಲಿಡಬೇಕು.

ಟೊಳ್ಳು ಬ್ಯಾಟಿನಿಂದ ಚೆಂಡು ವೇಗವಾಗಿ ಚಿಮ್ಮುವುದಕ್ಕೆ ಕಾರಣ, ತೆಳು ಗೋಡೆ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಒದೆಯುವುದು. ಚೆಂಡು ಚಪ್ಪಟೆಯಾಗಿ ಕಳೆದುಕೊಳ್ಳುವ ಶಕ್ತಿ ಇದರಿಂದ ಉಳಿಯುತ್ತದೆ. ಹೊಡೆತ ಹೀಗೆ ಜೋರಾದಷ್ಟೂ ಎದುರು ನಿಂತ ಪಿಚರ್‌ಗೆ ಅಪಾಯ. ಜಪಾನ್ 2024ರಲ್ಲಿ ಹೈಸ್ಕೂಲ್ ಬ್ಯಾಟಿನ ವ್ಯಾಸವನ್ನು 67 ಮಿಲಿಮೀಟರ್‌ನಿಂದ 64ರೊಳಗೆ ಇಳಿಸಿ, ಗೋಡೆಯ ದಪ್ಪವನ್ನು ಸುಮಾರು 3ರಿಂದ 4 ಮಿಲಿಮೀಟರ್‌ಗೆ ಏರಿಸಿದ್ದು ಇದಕ್ಕೇ. ಅಮೆರಿಕದಲ್ಲಿ ಮಕ್ಕಳ ಬ್ಯಾಟಿಗೆ 2018ರ ಜನವರಿ 1ರಿಂದ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಬಂದಿದೆ; ಅಲ್ಲಿನ ಇನ್ನೊಂದು ಕ್ರೀಡಾ ಸಂಸ್ಥೆಯಾದ ಯುಎಸ್‌ಎಸ್‌ಎಸ್‌ಎ ಮುದ್ರೆಯದು ಹೆಚ್ಚು ಚಿಮ್ಮುವ ಬೇರೆ ಬಗೆ. ನಮ್ಮ ಟೂರ್ನಿಗೆ ಯಾವುದು ನಡೆಯುತ್ತದೆ ಎಂಬುದನ್ನು ಆ ಟೂರ್ನಿಯ ಸುತ್ತೋಲೆಯಲ್ಲಿ ಓದಿಯೇ ಕೊಳ್ಳಿ.

ಮರದ ವಿಚಾರಕ್ಕೆ ಬಂದರೆ, ಕಾಫಿ ತೋಟದಲ್ಲಿ ಸಿಲ್ವರ್ ಓಕ್‌ಗೆ ಬರವಿಲ್ಲ, ಲೇತ್‌ನಲ್ಲಿ ಕಡೆದುಕೊಡುವ ಬಡಗಿಯೂ ಸಿಗುತ್ತಾನೆ. ಚೆಂಡಿಲ್ಲದ ಬೀಸಿಗೆ, ಟೆನಿಸ್ ಚೆಂಡಿಗೆ ಅಂಥ ಬ್ಯಾಟು ನಡೆದೀತು. ಚರ್ಮದ ಗಟ್ಟಿ ಚೆಂಡಿಗೆ ಬೇಡವೇ ಬೇಡ. ಆಟದ ಬ್ಯಾಟುಗಳಿಗೆ ಬಳಸುವುದು ಆ್ಯಶ್, ಮೇಪಲ್, ಬರ್ಚ್. ಅವುಗಳಲ್ಲೂ ಮರದ ಎಳೆ ಹಿಡಿಯುದ್ದಕ್ಕೂ ನೇರ ಓಡಬೇಕು. ಮೇಪಲ್ ಬ್ಯಾಟಿನ ಹಿಡಿಯ ಮೇಲೆ ಒಂದು ಚುಕ್ಕೆ ಇರುವುದನ್ನು ಗಮನಿಸಿರಬಹುದು: ಅಲ್ಲಿ ಶಾಯಿಯ ಹನಿ ಬಿಟ್ಟರೆ ಅದು ಎಳೆಯ ಜಾಡು ಹಿಡಿದು ಹರಡುತ್ತದೆ. ಆ ಜಾಡು 3 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಅಮೆರಿಕದ ವೃತ್ತಿಪರರ ಮೇಜರ್ ಲೀಗ್‌ನಲ್ಲಿ ಆ ಬ್ಯಾಟನ್ನು ಒಪ್ಪುವುದಿಲ್ಲ. ಓರೆ ಎಳೆಯ ಬ್ಯಾಟು ಮುರಿದರೆ ಚೂಪು ಸಿಗುರಾಗಿ ಹಾರುತ್ತದೆ.

ಕೊಳ್ಳುವ ಮುನ್ನ

ಆನ್‌ಲೈನ್‌ನಲ್ಲಿ ‘ಬೇಸ್‌ಬಾಲ್ ಬ್ಯಾಟ್’ ಎಂದು ಹುಡುಕಿದರೆ ಕಾರಿನಲ್ಲಿ ಆತ್ಮರಕ್ಷಣೆಗೆ ಇಟ್ಟುಕೊಳ್ಳುವ ದೊಣ್ಣೆಗಳೇ ಸಾಲಾಗಿ ಬರುತ್ತವೆ. ಉದ್ದ, ತೂಕ, ಡ್ರಾಪ್ ಮೂರೂ ಮುದ್ರಿಸದ ಬ್ಯಾಟನ್ನು ಮಗುವಿನ ಕೈಗೆ ಕೊಡಬೇಡಿ. ಶಾಲೆಯ ಕ್ರೀಡಾ ಕೋಣೆಯಲ್ಲಿ ಸಾಫ್ಟ್‌ಬಾಲ್ ಬ್ಯಾಟೂ ಅದೇ ಚೀಲದಲ್ಲಿರುವುದುಂಟು. ಅದರ ಬ್ಯಾರೆಲ್ 2.25 ಇಂಚು ದಪ್ಪ, ಯುಎಸ್‌ಎ ಮುದ್ರೆಯ ಮಕ್ಕಳ ಬೇಸ್‌ಬಾಲ್ ಬ್ಯಾಟಿನದು 2⅝ ಇಂಚಿನವರೆಗೆ. ಸಾಫ್ಟ್‌ಬಾಲ್ ಬ್ಯಾಟಿನಲ್ಲಿ ಬೇಸ್‌ಬಾಲ್ ಚೆಂಡು ಹೊಡೆದರೆ ಬ್ಯಾಟು ತಗ್ಗು ಬೀಳುತ್ತದೆ. ಟೀ–ಬಾಲ್ ಬ್ಯಾಟು ಸ್ಟ್ಯಾಂಡ್ ಮೇಲಿಟ್ಟ ಮೆದು ಚೆಂಡಿಗೆ ಮಾತ್ರ.

ಹಳೆಯ ಬ್ಯಾಟಾದರೆ ಬ್ಯಾರೆಲ್ ಸುತ್ತ ಹೆಬ್ಬೆರಳು ಆಡಿಸಿ ತಗ್ಗು ಹುಡುಕಿ, ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಚೂರು ಕುಲುಕುವ ಸದ್ದು ಇದೆಯೇ ಕೇಳಿ, ತುದಿಯ ಮುಚ್ಚಳ ಸಡಿಲವೇ ನೋಡಿ. ಇಡೀ ತಂಡಕ್ಕೆ ಮೂರೇ ಬ್ಯಾಟು ಕೊಳ್ಳಲು ಸಾಧ್ಯವಾದರೆ 28 ಇಂಚಿನವು ಎರಡು, 30ರದು ಒಂದು ಇರಲಿ. 32ರದನ್ನು ಹೈಸ್ಕೂಲಿಗೆ ಬಿಡಿ. ಮುದ್ರೆ ಬೇಗ ಸವೆಯುತ್ತದೆ, ಆದ್ದರಿಂದ ಕೊಂಡ ದಿನವೇ ನಾಬ್ ಮೇಲೆ ಬಿಳಿ ಟೇಪು ಅಂಟಿಸಿ ಉದ್ದವನ್ನೂ ತೂಕವನ್ನೂ ಮಾರ್ಕರ್‌ನಲ್ಲಿ ಬರೆದಿಡಿ.